ಕೆರಗೋಡಿನಿಂದ ಮಗಳ ಜೊತೆ ಓಡಿದ್ದು

ಓಟದ ವಿಷಯದಲ್ಲಿ ನನಗಿರುವ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಂಕೋಚ ಯಾಕೆ? ಮಳವಳ್ಳಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಹುಡುಗಿಯರಲ್ಲಿ ನನ್ನನ್ನು ಹಿಂದೆ ಹಾಕುವವರು ಯಾರೂ ಇರಲಿಲ್ಲ. ನನಗೆ ತರಬೇತಿ ಕೊಟ್ಟದ್ದು ಯಾವ ಮೇಷ್ಟ್ರೂ ಅಲ್ಲ, ನಮ್ಮೂರಿನ ಬಸ್ಸು! ಆ ಬಸ್ಸು ನಿಲ್ಲಬೇಕಾದ ಕಡೆ ಎಂದೂ ನಿಲ್ಲುತ್ತಿರಲಿಲ್ಲ. ಹುಣಸೆಮರ ದಾಟಿ, ಡ್ರೈವರಿಗೆ ಮನಸ್ಸು ಬಂದ ಕಡೆ ಒಂದಿಷ್ಟು ನಿಧಾನ ಮಾಡುತ್ತಿತ್ತು, ಅಷ್ಟೆ. ಲಂಗ ಎತ್ತಿ ಸಿಕ್ಕಿಸಿ, ಪುಸ್ತಕದ ಚೀಲವನ್ನು ಎದೆಗೆ ಅವುಚಿಕೊಂಡು ಓಡಿ ಹತ್ತಿದವರಿಗೆ ವಿದ್ಯೆ; ಹತ್ತದವರಿಗೆ ಎಮ್ಮೆ. ನಾನು ಎಸ್ಸೆಸ್ಸೆಲ್ಸಿ ಪಾಸಾದೆ ಎಂದರೆ ನನ್ನ ವೇಗ ಎಷ್ಟಿತ್ತು ಎಂದು ನೀವೇ ಊಹಿಸಿಕೊಳ್ಳಿ.

ಎಸ್ಸೆಸ್ಸೆಲ್ಸಿ ಮುಗಿಯಿತು, ಓಟವೂ ಮುಗಿಯಿತು. "ಬೆಳ್ದಿರೋ ಎಣ್ಮಗ ಇಂಗೆಲ್ಲಾ ಬೀದಿಲಿ ಓಡ್ಬಾರ್ದು ಕಣವ್ವ" ಎಂದರು ಅಪ್ಪ, ಬಹಳ ಮೃದುವಾಗಿ. ಗದರಿದ್ದರೆ ಜಗಳವಾಡುತ್ತಿದ್ದೆನೇನೋ. ಮೃದುವಾಗಿ ಹೇಳಿದ್ದರಿಂದ ಸುಮ್ಮನಾದೆ. ಆಮೇಲೆ ಮದುವೆಯಾಗಿ ಮಂಡ್ಯಕ್ಕೆ ಬಂದೆ. ಉಕ್ಕುವ ಹಾಲಿನ ಕಡೆಗೆ ಓಡಿದ್ದು, ಮಳೆ ಬಂದಾಗ ಒಣಗಿದ ಬಟ್ಟೆಯ ಕಡೆಗೆ ಓಡಿದ್ದು ಬಿಟ್ಟರೆ ನನ್ನ ಕ್ರೀಡಾ ಜೀವನದಲ್ಲಿ ಬಹಳ ವರ್ಷ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ.

ಅಷ್ಟರಲ್ಲಿ ಮಗಳು ಚೈತ್ರಾಳಿಗೆ ಹದಿನಾರಾಯಿತು.

ಹದಿನಾರು ವರ್ಷದ ಮಗಳನ್ನು ಸಾಕಿದವರಿಗೆ ವಿವರಿಸಬೇಕಾಗಿಲ್ಲ. ಸಾಕದವರಿಗೆ ವಿವರಿಸಿದರೂ ಅರ್ಥವಾಗುವುದಿಲ್ಲ. ಅದುವರೆಗೆ ಬಚ್ಚಲಲ್ಲಿ ಕೂತು ಕೂಡ ನನ್ನ ಜೊತೆ ಮಾತಾಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಎರಡೇ ಪದಗಳಲ್ಲಿ ಸಂಸಾರ ನಡೆಸತೊಡಗಿದಳು. "ಊಟಕ್ಕೆ ಬಾ" ಎಂದರೆ "ಹೂಂ". "ಕಾಲೇಜು ಹೇಗಿತ್ತು?" ಎಂದರೆ "ಇತ್ತು". ಆಮೇಲೆ ಕೋಣೆಯ ಬಾಗಿಲು ಮುಚ್ಚುವ ಶಬ್ದ. ನನ್ನ ಗಂಡ ಜಯರಾಮು ಮೊದಲೇ ಮಾತು ಕಮ್ಮಿ. ಮನೆಯಲ್ಲಿ ನಾನೂ ಕುಕ್ಕರ್ರೂ ಮಾತ್ರ ಮಾತಾಡುತ್ತಿದ್ದೆವು.

ಆದರೆ ಅವಳು ಓಡುತ್ತಿದ್ದಳು. ದಿನಾ ಬೆಳಗ್ಗೆ ಶೂ ಹಾಕಿಕೊಂಡು ನಾಲೆ ಏರಿಯ ಮೇಲೆ ಓಡಿ ಬರುತ್ತಿದ್ದಳು. ನನಗೋ, ಸಕ್ಕರೆ ಕಾಯಿಲೆ ಅಂಚಿನಲ್ಲಿದೆ, ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಬಾಗಿಲಲ್ಲಿ ಶೂ ಕಟ್ಟುತ್ತಿದ್ದವಳು ತಲೆ ಎತ್ತದೆ, "ಬೇಕಾದ್ರೆ ಬಾ" ಎಂದಳು. ಎರಡು ಪದ! ನನಗೆ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಚೂಡಿದಾರದ ದುಪಟ್ಟವನ್ನು ಸೊಂಟಕ್ಕೆ ಬಿಗಿದು ಹೊರಟೆ.

ಅಲ್ಲಿ ನಡೆದದ್ದು ಪವಾಡ. ಓಡುವಾಗ ಅವಳು ಮಾತಾಡುತ್ತಿದ್ದಳು! ಗೆಳತಿಯರ ಜಗಳ, ಯಾವ ಲೆಕ್ಚರರ್ ಹೇಗೆ ಕೆಮ್ಮುತ್ತಾರೆ, ರಾತ್ರಿ ಬಿದ್ದ ಕನಸು, ಎಲ್ಲಾ. ನಮ್ಮ ತಾಯಿ ಮಗಳ ಬಾಂಧವ್ಯ ಗಟ್ಟಿಯಾಯಿತೆಂದು ಬೀಗಿದೆ. ನಿಜವಾದ ಕಾರಣ ಬಹಳ ದಿನಗಳ ಮೇಲೆ ತಿಳಿಯಿತು. ಓಡುವಾಗ ನನಗೆ ಉಸಿರು ಸಾಲುತ್ತಿರಲಿಲ್ಲ. ಉಸಿರಿಲ್ಲದ ತಾಯಿ ಬುದ್ಧಿ ಹೇಳಲಾರಳು!

ಇರಲಿ. ಆ ಬೆಳಗಿನ ನೆನಪು ಈಗಲೂ ಹಾಗೇ ಇದೆ. ಒಂದು ಕಡೆ ನಾಲೆಯ ನೀರು, ಇನ್ನೊಂದು ಕಡೆ ನಾಟಿ ಮಾಡಿದ ಗದ್ದೆ, ದೂರದ ಆಲೆಮನೆಯಿಂದ ಬರುವ ಬೆಲ್ಲದ ವಾಸನೆ, ಪಕ್ಕದಲ್ಲಿ ಜಡೆ ಕುಣಿಸಿಕೊಂಡು ಏನೋ ಹೇಳುತ್ತಾ ಓಡುವ ಮಗಳು. ನನಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಮದ್ದೂರಿನ ಒಂದು ಸಂಘದವರು ತಾಯಿ-ಮಕ್ಕಳ ಜೋಡಿ ಓಟ ಏರ್ಪಡಿಸಿದ್ದಾರೆಂದು ಯಾರೋ ಹೇಳಿದರು. ತಾಯಿ ಮಗು ಇಬ್ಬರೂ ಕೈ ಹಿಡಿದುಕೊಂಡು ಗೆರೆ ದಾಟಬೇಕು. ಕೇಳಿದ ಮರುಗಳಿಗೆಯೇ ನಮ್ಮಿಬ್ಬರ ಹೆಸರು ಕೊಟ್ಟೆ. ಚೈತ್ರಾ ಬೇಡವೆನ್ನಲಿಲ್ಲ. "ಆದ್ರೆ ನೀನು ದೂರ ಓಡಿ ಪ್ರಾಕ್ಟೀಸ್ ಮಾಡ್ಬೇಕು" ಎಂದಳು.

ದೂರ ತಾನೇ? ಅವಕಾಶ ತಾನಾಗಿ ಬಂತು. ನನ್ನ ಗಂಡನ ಅಕ್ಕನನ್ನು ಕೆರಗೋಡಿಗೆ ಕೊಟ್ಟಿದೆ. ಅವರ ಮೊಮ್ಮಗುವಿನ ನಾಮಕರಣಕ್ಕೆ ಶನಿವಾರ ಹೋಗಿ ಅಲ್ಲೇ ಉಳಿದಿದ್ದೆವು. ಭಾನುವಾರ ಬೆಳಗ್ಗೆ ಎದ್ದವಳೇ ಘೋಷಿಸಿದೆ: "ನಾನೂ ಚೈತ್ರಾನೂ ಮಂಡ್ಯಕ್ಕೆ ಓಡ್ಕೊಂಡೇ ಹೋಗ್ತೀವಿ. ನೀವು ಬ್ಯಾಗ್ ತಗೊಂಡು ನಿಧಾನಕ್ಕೆ ಬೈಕಲ್ಲಿ ಬನ್ನಿ."

ಗಂಡ ಕಾಫಿ ಲೋಟ ಕೆಳಗಿಟ್ಟರು. "ಅಷ್ಟು ದೂರ?"

"ಯಾಕೆ, ಅನುಮಾನವಾ?"

"ಅನುಮಾನ ಏನಿಲ್ಲ. ಆಸ್ಪತ್ರೆ ಚೀಟಿ ಜೊತೇಲಿ ಇಟ್ಕೊಂಡಿರ್ಲಾ ಅಂತ."

ಆ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಮ್ಮಿ ಎಂದು ಹೊರಟೆ. ಫೋನನ್ನು ಸೊಂಟದ ಚೀಲಕ್ಕೆ ಹಾಕಿಕೊಂಡೆ. ಚೈತ್ರಾ ತನ್ನ ಫೋನನ್ನು ಬಟ್ಟೆ ಬ್ಯಾಗಿನಲ್ಲೇ ಬಿಟ್ಟಳು.

ಊರ ಹೊರಗೆ ಬರುವವರೆಗೆ ಎಲ್ಲ ಚೆನ್ನಾಗಿತ್ತು. ಮಂಜು ಇನ್ನೂ ಆರಿರಲಿಲ್ಲ. ರಸ್ತೆಯ ಎರಡೂ ಕಡೆ ಆಳೆತ್ತರದ ಕಬ್ಬು. ಆದರೆ ಹಿಂದಿನ ಸಂಜೆ ಅತ್ತಿಗೆ ಬಲವಂತ ಮಾಡಿ ಬಡಿಸಿದ್ದ ಹೋಳಿಗೆಗಳು ನನ್ನ ಹೊಟ್ಟೆಯಲ್ಲಿ ತಮ್ಮದೇ ಓಟ ಶುರು ಮಾಡಿದವು. ಪಕ್ಕೆ ಹಿಡಿಯಿತು. ಚೈತ್ರಾಳಿಗೋ ರೆಕ್ಕೆ ಬಂದಿತ್ತು. ನೋಡನೋಡುತ್ತಿದ್ದಂತೆ ಎಷ್ಟೋ ಮುಂದೆ ಹೋದಳು. ಮೊದಲೇ ಜೋರಾಗಿ ಓಡಿದರೆ ಕೊನೆಯಲ್ಲಿ ಕಾಲು ಸೋಲುತ್ತದೆ ಎಂಬುದು ಬಸ್ಸಿನ ಹಿಂದೆ ಓಡಿ ನಾನು ಕಲಿತ ಪಾಠ. ಅದನ್ನು ಮಗಳಿಗೆ ತಿಳಿಸಲು, ಉಳಿದಿದ್ದ ಉಸಿರನ್ನೆಲ್ಲಾ ಒಟ್ಟುಗೂಡಿಸಿ ಕೂಗಿದೆ:

"ನಿಲ್ಲೇ ಚೈತ್ರಾ! ಬೇಡ ಕಣೇ! ಮೊದಮೊದಲು ಚೆನ್ನಾಗೇ ಇರ್ತದೆ! ಆಮೇಲೆ ಕೈ ಕೊಡ್ತದೆ ಕಣೇ!"

ಅವಳಿಗೆ ಕೇಳಿಸಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಮೋಟಾರ್ ಬೈಕಿನಲ್ಲಿ ನನ್ನ ಹಿಂದೆ ಬರುತ್ತಿದ್ದ ಒಬ್ಬ ಮಹಾನುಭಾವನಿಗೆ ಕೇಳಿಸಿತು. ಬೋರಣ್ಣ ಎಂಬುದು ಅವನ ಹೆಸರೆಂದು ಆಮೇಲೆ ಗೊತ್ತಾಯಿತು. ಅವನು ನನ್ನ ಪಕ್ಕಕ್ಕೆ ಬಂದು, ನನ್ನ ವೇಗಕ್ಕೆ ಬೈಕು ಇಳಿಸಿದ. ಅಷ್ಟು ನಿಧಾನಕ್ಕೆ ಬೈಕು ಓಡಿಸಲು ಎರಡೂ ಕಾಲು ನೆಲಕ್ಕೆ ಊರಬೇಕಾಯಿತು.

"ಏನಾಯ್ತು ಕಣಮ್ಮ? ಮುಂದುಕ್ ಓಯ್ತಿರೋದು ನಿಮ್ ಮಗ್ಳಾ?"

ಉಸಿರಿರಲಿಲ್ಲ. ತಲೆ ಆಡಿಸಿದೆ.

"ಓಡೋಯ್ತಾವ್ಳಾ?"

ಎದುರಿಗೇ ಕಾಣುತ್ತಿದೆ, ಇದೆಂಥ ಪ್ರಶ್ನೆ? ಜೋರಾಗಿ ತಲೆ ಆಡಿಸಿದೆ.

"ಸಿವನೇ! ಎಲ್ಲಿಗೆ?"

"ಮಂಡ್ಯ... ಆಮೇಲೆ... ಮದ್ದೂರು..."

"ಮದ್ದೂರಲ್ಲಿ ಯಾರವ್ರೆ?"

ಮದ್ದೂರಿನಲ್ಲಿ ಜೋಡಿ ಓಟ ಇದೆ ಎಂದು ಹೇಳಲು ಹೊರಟೆ. "ಜೋಡಿ..." ಎಂದೆ. ಉಸಿರು ಮುಗಿಯಿತು. 'ಓಟ' ಗಂಟಲಲ್ಲೇ ಉಳಿಯಿತು.

"ಅಂಗಾ ಸಮಾಚಾರ!" ಬೋರಣ್ಣನ ಕಣ್ಣು ಅಗಲವಾಯಿತು. "ಅವ್ರಪ್ಪಂಗೆ ಗೊತ್ತಾ?"

"ಹಿಂದೆ... ಬತ್ತಾವ್ರೆ..."

"ನೀವ್ ಅಳ್ಬ್ಯಾಡಿ ಕಣವ್ವ. ನಾನಿಲ್ವಾ? ಇಡ್ದೇ ಇಡೀತೀನಿ!"

ನಾನು ಅಳುತ್ತಿರಲಿಲ್ಲ. ಅದು ಬೆವರು! ಹೇಳುವಷ್ಟರಲ್ಲಿ ಬೈಕು ಗುಡುಗಿಕೊಂಡು ಹೋಯಿತು. ಕ್ಯಾನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಹೋದವು. ಯಾರೋ ಒಳ್ಳೆಯ ಮನುಷ್ಯ, ಮಗಳಿಗೆ ನಿಲ್ಲಲು ಹೇಳುತ್ತಾನೆ ಎಂದು ಸಮಾಧಾನವಾಯಿತು. ನನ್ನ ಮುಗ್ಧತೆಗೆ ಏನು ಹೇಳಲಿ!

ಅಪರಿಚಿತನೊಬ್ಬ ಬೈಕಿನಲ್ಲಿ "ನಿಂತ್ಕಳವ್ವಾ! ನಿಂತ್ಕೋ!" ಎಂದು ಅರಚುತ್ತಾ ಅಟ್ಟಿಸಿಕೊಂಡು ಬಂದರೆ ಬುದ್ಧಿ ಇರುವ ಹುಡುಗಿ ಏನು ಮಾಡುತ್ತಾಳೆ? ಚೈತ್ರಾ ಇನ್ನೂ ಜೋರಾಗಿ ಓಡಿದಳು. ಇವಳು ರಸ್ತೆ ಬಿಟ್ಟು ಗದ್ದೆ ಬದುವಿಗೆ ಹಾರಿದಳಂತೆ. ಬೋರಣ್ಣ ಬೈಕು ನಿಲ್ಲಿಸಿ ಮುಂದಿನ ಊರಿಗೆ ಫೋನು ಮಾಡಿದನಂತೆ. ಆ ಬದು ಸುತ್ತಿ ಸುತ್ತಿ ಅದೇ ಊರಿನ ಮುಂದೆಯೇ ರಸ್ತೆಗೆ ಸೇರುತ್ತದೆ ಎಂದು ಪಾಪ, ಮಗುವಿಗೆ ಹೇಗೆ ಗೊತ್ತಿರಬೇಕು?

ಆ ಊರಿನ ಹೆಸರು ಹೇಳುವುದಿಲ್ಲ. ಈಗ ಅಲ್ಲಿ ನನಗೆ ಬೇಕಾದವರು ಬಹಳ ಜನ ಇದ್ದಾರೆ.

ನಾನು ಕುಂಟುತ್ತಾ ಅಲ್ಲಿ ತಲುಪಿದಾಗ ಕಂಡ ದೃಶ್ಯ ಹೀಗಿತ್ತು. ರಸ್ತೆಗೆ ಅಡ್ಡಲಾಗಿ ಕಬ್ಬು ತುಂಬಿದ ಟ್ರ್ಯಾಕ್ಟರ್. ಅದರ ಪಕ್ಕದ ಅರಳಿಕಟ್ಟೆಯ ಮೇಲೆ ಚೈತ್ರಾ. ಅವಳ ಕೈಯಲ್ಲಿ ಎಳನೀರು. ಸುತ್ತ ಊರ ಡೇರಿಗೆ ಹಾಲು ಹಾಕಲು ಬಂದಿದ್ದ ಅಷ್ಟೂ ಜನ. ಅವಳ ಪಕ್ಕದಲ್ಲೇ, ಕೈಯನ್ನು ಭದ್ರವಾಗಿ ಹಿಡಿದುಕೊಂಡು ಕೂತಿದ್ದ ಅಜ್ಜಿಯೊಬ್ಬರು. ಚಿಕ್ಕತಾಯಮ್ಮ ಅಂತ. ಬೋರಣ್ಣನ ತಾಯಿ.

"ಓದೋ ವಯ್ಸು ಕಣವ್ವ. ಎತ್ತವ್ರ ಒಟ್ಟೆ ಉರುಸ್ಬ್ಯಾಡ" ಎನ್ನುತ್ತಿದ್ದರು ಅಜ್ಜಿ.

"ಅಜ್ಜಿ, ನಾನು ಪ್ರಾಕ್ಟೀಸ್ ಮಾಡ್ತಾ ಇದ್ದೆ!" ಚೈತ್ರಾ ಅಳುವ ದನಿಯಲ್ಲಿ ಹೇಳಿದಳು.

ಅಜ್ಜಿ ಗಲ್ಲಕ್ಕೆ ಕೈ ಇಟ್ಟುಕೊಂಡರು. "ಓಡೋಗಕ್ಕೂ ಪ್ರಾಕ್ಟೀಸಾ! ಕಾಲ ಎಲ್ಲಿಗ್ ಬಂತಪ್ಪಾ!"

ಅಷ್ಟು ಹೊತ್ತಿಗೆ ನನ್ನನ್ನು ನೋಡಿದರು. ಜನ ದಾರಿ ಬಿಟ್ಟರು. ನನ್ನ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ದುಪಟ್ಟ ಯಾವುದೋ ಬೇಲಿಯಲ್ಲಿ ಉಳಿದಿತ್ತು. ಕಟ್ಟೆ ತಲುಪಿದವಳೇ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಕುಸಿದೆ.

"ನೋಡು ಮಗಾ, ನಿಮ್ಮವ್ವನ್ ಪಾಡು ನೋಡು!" ಎಂದು ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲರೂ ನನ್ನ ಮಾತಿಗೆ ಕಾದರು. ಆಗ ನಾನು ಒಂದೇ ಒಂದು ಸರಿಯಾದ ಮಾತು ಆಡಿದ್ದರೆ ಸಾಕಿತ್ತು. ಆಡಿದೆ. "ಇವಳು... ನನ್ನ ಬಿಟ್ಟು... ಹೊರಟುಹೋದ್ಲು..."

"ಅಮ್ಮಾ!" ಎಂದು ಚೈತ್ರಾ ಕಿರುಚಿದಳು. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು.

ಯಾರೋ ನನಗೆ ನೀರು ಕುಡಿಸಿದರು. ಇನ್ಯಾರೋ ನನ್ನ ಸೊಂಟದ ಚೀಲದಿಂದ ಫೋನು ತೆಗೆದು ಬೋರಣ್ಣನಿಗೆ ಕೊಟ್ಟರು. ಅವನು ನನ್ನ ಬೆರಳನ್ನೇ ಹಿಡಿದು ಅದಕ್ಕೆ ಒತ್ತಿ, ಮೊದಲು ಕಂಡ ಹೆಸರಿಗೆ ಫೋನು ಮಾಡಿದ. ಮೊದಲು ಕಂಡದ್ದು ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಮ್ಮಣ್ಣನ ಹೆಸರು.

"ನಮಸ್ಕಾರ ಸಾಮಿ. ನಿಮ್ ತಂಗಿ ಮಗ್ಳು ಓಡೋಗಿದ್ಲು. ಏನೂ ಯೋಚ್ನೆ ಮಾಡ್ಬ್ಯಾಡಿ, ಇಡ್ಕಂಡಿವಿ."

ನಮ್ಮಣ್ಣ ಪುಟ್ಟಸ್ವಾಮಿ ಅತಿ ಶಾಂತ ಸ್ವಭಾವದವನು. ಫೋನಿನ ಆಚೆಯಿಂದ ಅವನು ಕೂಗಿದ್ದು ಕಟ್ಟೆಯ ಮೇಲಿದ್ದ ಎಲ್ಲರಿಗೂ ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತು.

ಆಗ ನನಗೆ ಉಸಿರು ಬಂತು. ಎದ್ದು ನಿಂತು, ಎರಡೂ ಕೈ ಜೋಡಿಸಿ ವಿವರಿಸತೊಡಗಿದೆ. ನಾನು ತಾಯಿ, ಇವಳು ಮಗಳು, ಇಬ್ಬರೂ ಓಟಗಾರರು! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮಗಳ ಮರ್ವಾದೆ ಉಳ್ಸಕ್ಕೆ ಎತ್ ತಾಯಿ ಏನ್ ಬೇಕಾರೂ ಯೋಳ್ತಾಳೆ ಬುಡು" ಎಂದರು ಅಜ್ಜಿ, ಬಹಳ ಕನಿಕರದಿಂದ. ಒಬ್ಬ ಯುವಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈವಮ್ಮ ಓಟಗಾರ್ತಿಯಾ?" ಎಂದು ಪಕ್ಕದವನನ್ನು ಕೇಳಿದ. ಆ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಇನ್ನೇನು ನಂಬುತ್ತಾರೆ ಎನ್ನುವಷ್ಟರಲ್ಲಿ ಕೆರಗೋಡಿನ ಕಡೆಯಿಂದ ಒಂದು ಬೈಕು ಬಂತು. ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿದ ಸವಾರ. ಮುಂದೆ ಒಂದು ಬ್ಯಾಗು, ಹಿಂದೆ ಒಂದು ಬ್ಯಾಗು. ಹಿಂದಿನ ಬ್ಯಾಗಿನ ಜಿಪ್ಪು ಅರ್ಧ ತೆರೆದು ಚೈತ್ರಾಳ ಹಳದಿ ಚೂಡಿದಾರ ಗಾಳಿಗೆ ಹಾರಾಡುತ್ತಿತ್ತು.

ಬೋರಣ್ಣ ಅದನ್ನು ನೋಡಿದ. "ಇವ್ನೇ ಕಣ್ರಲಾ! ಕರ್ಕಂಡೋಗಕ್ ಬಂದವ್ನೆ! ಬಟ್ಟೆ ಬ್ಯಾಗೂ ತಂದವ್ನೆ ನೋಡ್ರಲಾ! ಇಡ್ಕಳಿ!"

ಹಿಡಿದುಕೊಂಡರು. ಒಬ್ಬ ಬೈಕಿನ ಕೀ ಕಿತ್ತುಕೊಂಡ. ಇಬ್ಬರು ತೋಳು ಹಿಡಿದರು. ಬೋರಣ್ಣ ಹೆಲ್ಮೆಟ್ಟು ಎಳೆದ. ಒಳಗಿನಿಂದ ನನ್ನ ಗಂಡನ ಬೋಳುತಲೆಯೂ, ನರೆತ ಮೀಸೆಯೂ, ಮೂಗಿನ ತುದಿಗೆ ಜಾರಿದ ಕನ್ನಡಕವೂ ಹೊರಬಂದವು.

ಚಿಕ್ಕತಾಯಮ್ಮ ಚೈತ್ರಾಳ ಕೈ ಬಿಟ್ಟು ಎದೆ ಬಡಿದುಕೊಂಡರು. "ಅಯ್ಯೋ ನಿನ್ ಮನೆ ಕಾಯ್ವೋಗಾ! ಓಗೀ ಓಗೀ ಈ ಮುದ್ಕನ್ ಜೊತೇಲಾ!"

"ಅಪ್ಪಾ!" ಎಂದು ಚೈತ್ರಾ ಅವರ ಕಡೆ ಓಡಿದಳು.

ಆ ಒಂದು ಪದ ಕೆಲಸ ಮಾಡಿತು. ಹಿಡಿದವರು ಕೈಬಿಟ್ಟರು. ಬೋರಣ್ಣ ಹೆಲ್ಮೆಟ್ಟನ್ನು ಪಂಚೆಯಿಂದ ಒರೆಸಿ, ಬಹಳ ಗೌರವದಿಂದ ಹಿಂದಿರುಗಿಸಿದ. ನನ್ನ ಗಂಡ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ನೋಡಿ ಕೇಳಿದ್ದು ಒಂದೇ: "ಆಸ್ಪತ್ರೆ ಚೀಟಿ ಬೇಕಾ?"

ವಿಷಯ ಅರ್ಥವಾದ ಮೇಲೆ ಆ ಊರು ನಕ್ಕ ನಗುವಿಗೆ ಅರಳಿಮರದ ಕಾಗೆಗಳು ಎದ್ದು ಹಾರಿದವು. ಅಕ್ಕಿರೊಟ್ಟಿ ಬಂತು, ಕಾಫಿ ಬಂತು, ಟ್ರ್ಯಾಕ್ಟರಿನಿಂದ ಕಬ್ಬಿನ ಜಲ್ಲೆಗಳು ಇಳಿದವು. ಚಿಕ್ಕತಾಯಮ್ಮ ಮಾತ್ರ ನಗಲಿಲ್ಲ. ಚೈತ್ರಾಳ ಶೂ ಮುಟ್ಟಿ ನೋಡಿದರು. "ನಾನೂವೆ ಓಡ್ತಿದ್ದೆ ಕಣ್ ಮಗಾ. ಗದ್ದೆಗೆ ಬುತ್ತಿ ತಕಂಡು ಬದಿನ್ ಮ್ಯಾಲೆ. ಕುಕ್ಕೆಲಿರೋ ಸಾರು ತುಳುಕ್ತಿರ್ಲಿಲ್ಲ" ಎಂದರು. ಒಂದು ಗಳಿಗೆ ಅವರ ಕಣ್ಣು ಎಲ್ಲೋ ಹೋಗಿ ಬಂತು. ನನಗೆ ಹುಣಸೆಮರ ದಾಟಿ ಹೋಗುವ ಬಸ್ಸು ಕಂಡಂತಾಯಿತು.

ಆದರೆ ಚೈತ್ರಾ ರೊಟ್ಟಿ ಮುಟ್ಟಲಿಲ್ಲ.

ಒಂದೇ ಬೈಕಿನಲ್ಲಿ ಮೂವರೂ ಎರಡು ಬ್ಯಾಗೂ ಮಂಡ್ಯ ತಲುಪುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಗೊಬ್ಬರ ಸಾಗಿಸುವ ಟೆಂಪೋ ನಿಂತಿತ್ತು. ಅದರಿಂದ ನಮ್ಮಣ್ಣ, ಅತ್ತಿಗೆ, ಮಳವಳ್ಳಿಯ ಸೋದರಮಾವ ಮತ್ತು ಯಾರೆಂದು ನನಗೂ ಗೊತ್ತಿಲ್ಲದ ಇನ್ನಿಬ್ಬರು ಇಳಿಯುತ್ತಿದ್ದರು. ಪಕ್ಕದ ಮನೆಯವರೆಲ್ಲಾ ಗೇಟಿನ ಬಳಿ ಹಾಜರಿದ್ದರು.

"ಉಡುಗ ಯಾವೂರೋನು? ಅಷ್ಟು ಯೋಳು ಸಾಕು!" ಎಂದು ಅಣ್ಣ ಗರ್ಜಿಸಿದ.

"ಹುಡುಗನೂ ಇಲ್ಲ, ಗಿಡುಗನೂ ಇಲ್ಲ ಕಣಣ್ಣ. ಓಟದ ಪ್ರಾಕ್ಟೀಸು!"

ಅಣ್ಣ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಅವನ ಸಿಟ್ಟು ಇಳಿದು, ನಿರಾಸೆ ಹತ್ತಿತು. "ಅಂಗಡಿ ಮುಚ್ಕಂಡ್ ಬಂದಿವ್ನಿ ಕಣೇ" ಎಂದ. ಅಷ್ಟು ದೂರ ಸಿಟ್ಟು ಹೊತ್ತು ತಂದವನಿಗೆ ಇಳಿಸಲು ಜಾಗವಿಲ್ಲದಂತಾಗಿತ್ತು. ಬಂದವರಿಗೆಲ್ಲಾ ಮುದ್ದೆ ಸಾರು ಮಾಡಿದೆ. ಊಟದ ನಡುವೆ ಸೋದರಮಾವ, "ಎಣ್ಮಕ್ಳುಗೆ ಯಾಕ್ ಬೇಕು ಈ ಓಟ ಗೀಟ?" ಎಂದು ಕೇಳಿದರು.

ಕೋಣೆಯ ಬಾಗಿಲು ತೆರೆಯಿತು. ಚೈತ್ರಾ ಹೊಸ್ತಿಲ ಮೇಲೆ ನಿಂತು ನನ್ನನ್ನು ಮಾತ್ರ ನೋಡಿ ಹೇಳಿದಳು: "ಇದೇ ಒಬ್ಬ ಹುಡುಗ ಓಡಿದ್ರೆ ಯಾರಾದ್ರೂ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸ್ತಿದ್ರಾ? ಅವರಿಗಾದ್ರೆ ಗೊತ್ತಿರಲಿಲ್ಲ. ನೀನು ಯಾಕಮ್ಮ ಕೂಗಿದೆ? ನಾಳೆಯಿಂದ ನಾನು ಒಬ್ಳೇ ಓಡ್ತೀನಿ."

ಬಾಗಿಲು ಮುಚ್ಚಿತು.

ಹೇಳಿದ ಹಾಗೇ ಮಾಡಿದಳು. ಬೆಳಗ್ಗೆ ನಾನು ಏಳುವ ಮೊದಲೇ ಅವಳ ಶೂ ಬಾಗಿಲಲ್ಲಿ ಇರುತ್ತಿರಲಿಲ್ಲ. ಮತ್ತೆ ಮನೆಯಲ್ಲಿ "ಹೂಂ", ಮತ್ತೆ "ಇತ್ತು". ಅವಳ ಗೆಳತಿಯರ ಜಗಳ ಮುಗಿಯಿತೋ ಇಲ್ಲವೋ, ಲೆಕ್ಚರರ ಕೆಮ್ಮು ವಾಸಿಯಾಯಿತೋ ಇಲ್ಲವೋ, ಒಂದೂ ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

"ನೀನೂ ಹೋಗು" ಎಂದರು ಗಂಡ ಒಂದು ದಿನ.

"ಬೇಡ ಅಂದಿದ್ದಾಳಲ್ಲ."

"ಜೊತೇಲಿ ಬೇಡ ಅಂದಿದ್ದಾಳೆ. ಏರಿ ಅವಳೊಬ್ಬಳದಾ?"

ಈ ಮನುಷ್ಯ ಅಪರೂಪಕ್ಕೆ ಮಾತಾಡುವುದರಿಂದ ಒಂದೊಂದು ಸಲ ಚೆನ್ನಾಗಿ ಮಾತಾಡುತ್ತಾರೆ. ಮಾರನೇ ದಿನದಿಂದ ನಾನು ನಾಲೆ ಏರಿಯ ಆ ಕೊನೆಯಿಂದ, ಅವಳಿಗೆ ಎದುರು ದಿಕ್ಕಿನಲ್ಲಿ ಓಡತೊಡಗಿದೆ. ನಡುವೆ ಎಲ್ಲೋ ಎದುರಾಗುತ್ತಿದ್ದೆವು. ಮೊದಲ ದಿನ ಅವಳು ನೀರಿನ ಕಡೆ ನೋಡಿಕೊಂಡು ಹೋದಳು. ನಾನು ಗದ್ದೆಯ ಕಡೆ ನೋಡಿಕೊಂಡು ಹೋದೆ. ಆಮೇಲೊಂದು ದಿನ ಅವಳ ತಲೆ ಒಂದಿಷ್ಟು ಅಲ್ಲಾಡಿತು. ನಮಸ್ಕಾರವೋ, ಓಡುವಾಗಿನ ಕುಲುಕಾಟವೋ ಎಂದು ದಿನವೆಲ್ಲಾ ಯೋಚಿಸಿದೆ. ಮುಂದೊಂದು ದಿನ ನಾನು ಅವಳನ್ನು ದಾಟಿ ಸ್ವಲ್ಪ ದೂರ ಹೋಗಿದ್ದೆ. ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಹೆಜ್ಜೆ ಪಕ್ಕಕ್ಕೆ ಬಂತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ಹೊರಟುಹೋಗುತ್ತಾಳೋ ಎಂಬ ಭಯ.

"ಕೆಮಿಸ್ಟ್ರಿಲಿ ಫೇಲಾಗಿದ್ದೀನಿ" ಎಂದಳು.

ನನಗೆ ಉಸಿರಿರಲಿಲ್ಲ. ತಲೆ ಆಡಿಸಿದೆ.

"ನನಗೆ ಅದೆಲ್ಲಾ ಇಷ್ಟ ಇಲ್ಲಮ್ಮ. ಪಿ.ಟಿ. ಮೇಡಂ ಆಗ್ಬೇಕು ಅಂತ ಆಸೆ."

ಮತ್ತೆ ತಲೆ ಆಡಿಸಿದೆ. ಆಮೇಲೆ ಅವಳು, "ಒಬ್ಳೇ ಓಡಿದ್ರೆ ಬೋರಾಗ್ತದೆ" ಎಂದಳು. ನಾನು ಅತ್ತೆ. ಈ ಸಲ ಬೆವರಲ್ಲ.

ಮದ್ದೂರಿನ ಓಟಕ್ಕೆ ಹೋದೆವು. ನನಗೆ ಒಂದೇ ಷರತ್ತು: ಬಾಯಿ ಬಿಡಬಾರದು. ಬೋರಣ್ಣ ತಾಯಿಯನ್ನು ಹಿಂದೆ ಕೂರಿಸಿಕೊಂಡು ನೋಡಲು ಬಂದಿದ್ದ. "ಓಡವ್ವಾ! ನಮ್ಮೂರ್ ಉಡ್ಗಿ ಕಣ್ರಲಾ, ದಾರಿ ಬುಡಿ!" ಎಂದು ರಸ್ತೆಯುದ್ದಕ್ಕೂ ಅವನದೇ ಕೂಗು. ಚೈತ್ರಾ ಒಬ್ಬಳೇ ಓಡಿದ್ದರೆ ಮೊದಲಿಗಳಾಗುತ್ತಿದ್ದಳು. ನೋಡಿದವರೆಲ್ಲ ಹಾಗೇ ಹೇಳಿದರು. ಆದರೆ ಅವಳ ಕೈಯಲ್ಲಿ ನನ್ನ ಕೈ ಇತ್ತು. ಎಲ್ಲರೂ ನಮ್ಮನ್ನು ದಾಟಿಕೊಂಡು ಹೋದರು. ಒಬ್ಬ ತಾಯಿ ಮಾತ್ರ ನಮ್ಮ ಹಿಂದೆ ಇದ್ದರು. ಅವರ ಪುಟ್ಟ ಮಗ ಕಳಚಿಹೋದ ಚಪ್ಪಲಿಯನ್ನು ಚರಂಡಿಯಲ್ಲಿ ಹುಡುಕುತ್ತಿದ್ದ. ಗೆರೆ ದಾಟುವಾಗ ಚೈತ್ರಾ ನನ್ನ ಕೈಯನ್ನು ಗೆದ್ದವರಂತೆ ಮೇಲಕ್ಕೆ ಎತ್ತಿದಳು. ಅವಳ ಅಂಗೈ ಬಿಸಿಯಾಗಿತ್ತು. ಅದೊಂದನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ಅವಳು ಮೈಸೂರಿನಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದಾಳೆ. ರಜಕ್ಕೆ ಬಂದಾಗ ಇಬ್ಬರೂ ಏರಿಯ ಮೇಲೆ ಓಡುತ್ತೇವೆ. ಉಳಿದ ದಿನ ನಾನೊಬ್ಬಳೇ. ಆಲೆಮನೆಯ ವಾಸನೆ ಬಂದಾಗ ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದಾರೆ ಎನಿಸಿ ಒಂದೊಂದು ಸಲ ಹೂಂಗುಟ್ಟುತ್ತೇನೆ.

ಒಬ್ಬಳೇ ಓಡಿದರೂ ನನ್ನ ಓಟ ಈಗ ಬಹಳ ಸುಧಾರಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಕಳೆದ ವಾರ ಹೀಗೇ ಹೋಗುತ್ತಿರುವಾಗ ಹಿಂದಿನಿಂದ ಇಬ್ಬರು ಕಾಲೇಜು ಹುಡುಗಿಯರು ಓಡಿಕೊಂಡು ಬರುವುದು ಕೇಳಿಸಿತು. ನನ್ನೊಳಗಿನ ಮಳವಳ್ಳಿಯ ಹುಡುಗಿ ಎದ್ದು ಕೂತಳು. ಬಿಡಬಾರದು! ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲಾ ಕಾಲಿಗೆ ತಂದು ಗಾಳಿಯನ್ನು ಸೀಳಿಕೊಂಡು ಓಡಿದೆ. ಆ ಮಕ್ಕಳು ಹರಟೆ ಹೊಡೆಯುತ್ತಲೇ ನನ್ನನ್ನು ದಾಟಿದರು. ಅವರಲ್ಲಿ ಒಬ್ಬಳು ತಿರುಗಿ, ಅಕ್ಕರೆಯಿಂದ ನಕ್ಕಳು.

"ಸೂಪರ್ ಆಂಟಿ! ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ವಾಕಿಂಗ್ ಮಾಡ್ತೀರ!"

ಥ್ಯಾಂಕ್ಸ್ ಎಂದೆ. ಅವರು ಕಣ್ಮರೆಯಾಗುವವರೆಗೆ ನಡೆಯುವವಳಂತೆ ನಟಿಸಿದೆ. ಅದಕ್ಕೆ ಹೆಚ್ಚೇನೂ ಬದಲಾಯಿಸಬೇಕಾಗಲಿಲ್ಲ.